ಎರಡೂ ಬಲಕ್ಕೆ ವಾಲಿದ್ದವು

2025ರ ಜುಲೈ ಕೊನೆಯ ವಾರ. ಮೂರು ದಿನಗಳಿಂದ ಮಳೆ ಹೊಳವಾಗಿರಲಿಲ್ಲ. ಮಾಸ್ತರರು ಕಾರವಾರದ ಕೋಡಿಬಾಗದಿಂದ ಸ್ಕೂಟರಿನಲ್ಲಿ ನೆನೆಯುತ್ತಲೇ ಬಂದು, ನಮ್ಮ ಜಗಲಿಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಚೀಲದಿಂದ ಎರಡು ಜೋಡಿ ಓಟದ ಶೂ ತೆಗೆದಿಟ್ಟರು. ಒಂದು ಓಡಿ ಓಡಿ ಸವೆದದ್ದು. ಇನ್ನೊಂದಕ್ಕೆ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ, ಆದರೆ ಎಡಗಾಲಿನ ಅಟ್ಟೆ ಮುಂಭಾಗದಲ್ಲಿ ಬಿಟ್ಟುಕೊಂಡು ನೇತಾಡುತ್ತಿತ್ತು.

“ಇವೆರಡರಲ್ಲಿ ಯಾವುದು ನನ್ನ ಕಾಲು ಕೆಡಿಸಿತು, ಮೊದಲು ಅದನ್ನು ಹೇಳಿ. ಮೂರನೆಯದು ಯಾವುದು ಕೊಳ್ಳಬೇಕು ಎನ್ನುವುದು ಆಮೇಲೆ” ಎಂದರು.

ಈ ಬರಹ ಆ ಪ್ರಶ್ನೆಗೆ ಉತ್ತರ ಹುಡುಕಿದ ಆರು ತಿಂಗಳ ವರದಿ. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದರು, ಶಾಲೆಯ ಮಕ್ಕಳು ಓದಿ ನಗುತ್ತಾರಂತೆ. ನಾನು ವೈದ್ಯನಲ್ಲ, ಹಣ ಪಡೆದು ಕಲಿಸುವ ತರಬೇತುದಾರನೂ ಅಲ್ಲ. ಹದಿನೆಂಟು ವರ್ಷಗಳಿಂದ ಓಡುತ್ತಿರುವವನು. ಅದರಲ್ಲಿ ಮೊದಲ ಆರು ವರ್ಷ ಅಳತೆ ತಪ್ಪಿದ ಶೂ ಹಾಕಿಕೊಂಡು ಹೆಬ್ಬೆರಳಿನ ಉಗುರುಗಳನ್ನು ಸಮುದ್ರಕ್ಕೆ ಅರ್ಪಿಸಿದವನು.

ಮಾಸ್ತರರಿಗೆ ಆಗ 41 ವರ್ಷ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಕಾರವಾರದಲ್ಲಿ ನೌಕರಿ, ಶಿರಸಿಯ ಹತ್ತಿರದ ಹಳ್ಳಿಯಲ್ಲಿ ತೋಟ-ಮನೆ, ತಿಂಗಳಿಗೆ ಎರಡು ಸಲವಾದರೂ ಘಟ್ಟ ಹತ್ತುವ ಮನುಷ್ಯ. ಎರಡು ವರ್ಷಗಳಿಂದ ವಾರಕ್ಕೆ 30ರಿಂದ 35 ಕಿ.ಮೀ. ಓಡುತ್ತಿದ್ದರು. ಒಂದು ಅರ್ಧ ಮ್ಯಾರಥಾನ್, ಅಂದರೆ 21.1 ಕಿ.ಮೀ., 2 ಗಂಟೆ 16 ನಿಮಿಷದಲ್ಲಿ ಮುಗಿಸಿದ್ದರು. 2026ರ ಜನವರಿಯಲ್ಲಿ ಮುಂಬಯಿಯಲ್ಲಿ ಓಡಿ, ಅದನ್ನು 2 ಗಂಟೆ 10 ನಿಮಿಷದೊಳಗೆ ತರಬೇಕೆಂಬುದು ಆಸೆ.

ಅವರ ದಾರಿಯ ಕತೆ ಇಲ್ಲಿ ಮುಖ್ಯ. ಮೊದಲು ಅವರು ಬೆಳಿಗ್ಗೆ ಕಾಳಿ ನದಿಯ ಹಳೆಯ ಸೇತುವೆ ದಾಟಿ ಸದಾಶಿವಗಡದ ಕಡೆ ಹೋಗಿ ಬರುತ್ತಿದ್ದರು. 2024ರ ಆಗಸ್ಟ್ 7ರ ನಸುಕಿನಲ್ಲಿ ಆ ಸೇತುವೆ ಕುಸಿಯಿತು. ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೆಯೇ ಬರತೊಡಗಿದ ಮೇಲೆ ಅಲ್ಲಿ ಓಡುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಮಳೆಗಾಲ ಮುಗಿದು ಅಕ್ಟೋಬರ್ ಬಂದಾಗ ಮಾಸ್ತರರು ಮರಳಿಗೆ ಇಳಿದರು. ಕೋಡಿಬಾಗದ ಕಡೆಯಿಂದ ಟ್ಯಾಗೋರ್ ಕಡಲತೀರದ ಗಟ್ಟಿ ಮರಳಿನ ಮೇಲೆ ದಕ್ಷಿಣಕ್ಕೆ, ದಡದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಾಪಲ್ ಯುದ್ಧನೌಕೆಯನ್ನು ದಾಟಿ ಬೈತಖೋಲದ ದಿಕ್ಕಿಗೆ ಓಟ. ಮರಳಲ್ಲಿ ಕಾಲು ಸೋತ ಮೇಲೆ ಮೇಲಕ್ಕೆ ಹತ್ತಿ, ಹೆದ್ದಾರಿಯ ಅಂಚಿನಲ್ಲಿ ವಾಪಸು. ಹೀಗೆ ಎಂಟು ತಿಂಗಳು.

ಮೇ ತಿಂಗಳಲ್ಲಿ ಎಡಗಾಲಿನ ಕಣಕಾಲ ಮೂಳೆಯ ಒಳ ಅಂಚು ನೋಯತೊಡಗಿತು. ಓಟ ಶುರುವಾದಾಗ ನೋವು, ಮೈ ಬೆಚ್ಚಗಾದ ಮೇಲೆ ಮಾಯ, ಮರುದಿನ ಮೆಟ್ಟಿಲು ಇಳಿಯುವಾಗ ಮತ್ತೆ ಹಾಜರು. ಓಟಗಾರರಲ್ಲಿ ಇದು ನೆಗಡಿಯಷ್ಟೇ ಸಾಮಾನ್ಯ. ಆದರೂ ನಾನು ಮೊದಲು ಕಳಿಸಿದ್ದು ವೈದ್ಯರ ಹತ್ತಿರ. ನೋವು ಒಂದು ಬೆರಳಿನ ತುದಿಯಷ್ಟು ಜಾಗದಲ್ಲಿ ಚುಚ್ಚಿದಂತಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕಿರಬಹುದು, ಮತ್ತು ಅಂಥ ಬಿರುಕು ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣಿಸದೆಯೂ ಇರಬಹುದು. ಇವರ ನೋವು ನಾಲ್ಕೈದು ಬೆರಳಗಲ ಹರಡಿತ್ತು. ವೈದ್ಯರು ಒತ್ತಿ ನೋಡಿ, ಬಿರುಕಿನ ಲಕ್ಷಣವಿಲ್ಲ, ಓಟ ತಗ್ಗಿಸಿ ಎಂದರು.

ಆದರೆ ಇದು ನಡೆದದ್ದು ಜುಲೈನಲ್ಲಿ. ಅದಕ್ಕೂ ಮೊದಲು, ಜೂನ್ ಆರಂಭದಲ್ಲಿ, ಮಾಸ್ತರರು ದೊಡ್ಡ ಊರಿನ ಅಂಗಡಿಯೊಂದಕ್ಕೆ ಹೋಗಿದ್ದರು. ಅಲ್ಲಿಯ ಹುಡುಗ ಅವರ ಎಡ ಶೂವನ್ನು ತಿರುಗಿಸಿ, ಒಳ ಅಂಚು ಸವೆದಿರುವುದನ್ನು ಬೆರಳಿಟ್ಟು ತೋರಿಸಿ, “ಸರ್, ನಿಮ್ಮ ಪಾದ ಒಳಕ್ಕೆ ವಾಲುತ್ತದೆ, ಅದಕ್ಕೇ ನೋವು” ಎಂದ. ಒಳಭಾಗಕ್ಕೆ ಗಟ್ಟಿ ಆಸರೆ ಕೊಟ್ಟಿರುವ ಶೂ ಒಂದನ್ನು ಒಂಬತ್ತು ಸಾವಿರ ರೂಪಾಯಿಗೆ ಕೊಟ್ಟ. ಮೂರು ವಾರದಲ್ಲಿ ಎಡಗಾಲಿನ ನೋವು ಸ್ವಲ್ಪ ತಗ್ಗಿತು, ಬಲಗಾಲಿನ ಹೊರಗಂಟಿನ ಕೆಳಗೆ ಹೊಸ ನೋವು ಹುಟ್ಟಿಕೊಂಡಿತು. ಬಾಡಿಗೆದಾರ ಕೋಣೆ ಬದಲಿಸಿದ ಹಾಗೆ.

ಹುಡುಗ ಮಾಡಿದ ತಪ್ಪು ಇಷ್ಟೇ: ಅವನು ಒಂದೇ ಶೂ ನೋಡಿದ.

ನಮ್ಮ ಜಗಲಿಯ ಮೇಜು ಸಮತಟ್ಟಾಗಿದೆಯೆಂದು ನೀರಿನ ಲೋಟವಿಟ್ಟು ಖಾತ್ರಿ ಮಾಡಿಕೊಂಡೆವು. ವಿಜ್ಞಾನದ ಮಾಸ್ತರರು, ಸುಮ್ಮನೆ ಬಿಡುವವರಲ್ಲ. ಸವೆದ ಜೋಡಿಯನ್ನು ಹಿಮ್ಮಡಿ ನಮ್ಮ ಕಡೆ ಬರುವಂತೆ ಜತೆಯಾಗಿ ಇಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ ನೋಡಿದೆವು. ಪಾದ ಒಳಕ್ಕೆ ವಾಲುವವರ ಶೂಗಳು ಹಿಂದಿನಿಂದ ನೋಡಿದಾಗ ಒಂದಕ್ಕೊಂದು ತಲೆ ಬಾಗಿಸಿ ಗುಟ್ಟು ಹೇಳುವಂತಿರುತ್ತವೆ. ಇವು ಹಾಗಿರಲಿಲ್ಲ. ಎಡ ಶೂ ಬಲಕ್ಕೆ ವಾಲಿತ್ತು, ಬಲ ಶೂ ಕೂಡ ಬಲಕ್ಕೇ ವಾಲಿತ್ತು, ಕಡಲ ಗಾಳಿಗೆ ಬಾಗಿದ ಎರಡು ತೆಂಗಿನ ಮರಗಳ ಹಾಗೆ. ತಿರುಗಿಸಿ ನೋಡಿದರೆ ಎಡದ್ದರ ಒಳ ಅಂಚು, ಬಲದ್ದರ ಹೊರ ಅಂಚು ಸವೆದಿದ್ದವು. ಹಿಮ್ಮಡಿ ಮೊದಲು ಊರುವವರಲ್ಲಿ ಹಿಮ್ಮಡಿಯ ಹೊರ ಅಂಚು ಒಂದಿಷ್ಟು ಸವೆಯುವುದು ಸಹಜ. ಆದರೆ ಅದು ಎರಡರಲ್ಲೂ ಇರಬೇಕು.

ಒಬ್ಬ ಮನುಷ್ಯನ ಎರಡು ಪಾದಗಳು ಒಂದೇ ದಿಕ್ಕಿಗೆ ವಾಲುತ್ತವೆ ಎಂದರೆ ವಾಲಿರುವುದು ಪಾದವಲ್ಲ, ನೆಲ.

ದಾರಿಯನ್ನು ಕಾಗದದ ಮೇಲೆ ಬರೆದೆವು. ಕಾರವಾರದಲ್ಲಿ ಸಮುದ್ರ ಪಶ್ಚಿಮಕ್ಕಿದೆ. ದಕ್ಷಿಣಕ್ಕೆ ಓಡುವಾಗ ಅದು ಬಲಗೈಯ ಕಡೆ, ಮರಳು ಇಳಿಯುವುದೂ ಅತ್ತಲೇ. ಹಾಗಾಗಿ ಬಲಗಾಲು ಕೆಳಗೆ, ಎಡಗಾಲು ಮೇಲೆ. ಮರಳಲ್ಲೇ ವಾಪಸು ಬಂದಿದ್ದರೆ ಲೆಕ್ಕ ತಿರುಗಿ ಸರಿಹೋಗುತ್ತಿತ್ತು. ಇವರು ವಾಪಸು ಬಂದದ್ದು ಹೆದ್ದಾರಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ. ಓಡುವವರು ಹಾಗೆಯೇ ಓಡಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಮಳೆ ನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಮಾಡಿರುತ್ತಾರೆ. ಬಲ ಅಂಚಿನಲ್ಲಿ ಓಡಿದರೆ ಮತ್ತೆ ಬಲಗಾಲೇ ಕೆಳಗೆ. ಹೋಗುವಾಗಲೂ ಬಲಕ್ಕೆ ಇಳಿಜಾರು, ಬರುವಾಗಲೂ ಬಲಕ್ಕೆ ಇಳಿಜಾರು. ಎಂಟು ತಿಂಗಳ ಕಾಲ ಈ ಮನುಷ್ಯ ಒಂದೇ ಒಂದು ದಿನವೂ ಸಮತಟ್ಟು ನೆಲದ ಮೇಲೆ ಓಡಿರಲಿಲ್ಲ.

ಅಂಥ ನೆಲದಲ್ಲಿ ಎಡಪಾದ ಒಳಕ್ಕೆ ಮಗುಚುತ್ತದೆ, ಬಲಪಾದ ಹೊರಕ್ಕೆ. ಎಡಗಾಲಿನ ಒಳ ಅಂಚಿನ ನೋವು ಅಲ್ಲಿಂದ ಬಂದದ್ದು. ಒಳ ಆಸರೆಯ ಹೊಸ ಶೂ ಎಡಪಾದವನ್ನು ಎತ್ತಿ ಹಿಡಿಯಿತು, ಸರಿ. ಮೊದಲೇ ಹೊರಕ್ಕೆ ಮಗುಚುತ್ತಿದ್ದ ಬಲಪಾದವನ್ನು ಅದೇ ಆಸರೆ ಇನ್ನಷ್ಟು ಹೊರಕ್ಕೆ ದೂಡಿತು. ಜೂನ್‌ನಲ್ಲಿ ಸಮುದ್ರ ಮರಳನ್ನು ನುಂಗಿದ ಮೇಲೆ ಓಟವೆಲ್ಲ ರಸ್ತೆಯ ಬಲ ಅಂಚಿನಲ್ಲೇ ನಡೆಯಿತಾದ್ದರಿಂದ ಬಲಗಾಲಿಗೆ ಬಿಡುವೇ ಸಿಗಲಿಲ್ಲ.

ಪಾದದ ಆಕಾರ ನೋಡಿ ಶೂ ಕೊಡುವ ಪದ್ಧತಿಯ ಬಗ್ಗೆ ನನಗೆ ಹಳೆಯ ಅನುಮಾನವಿದೆ. ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ಪಡೆಗಳ ಹೊಸ ಸೈನಿಕರ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಪಾದದ ಕಮಾನು ನೋಡಿ ಶೂ ಆರಿಸಿದ ಗುಂಪಿಗೂ ಎಲ್ಲರಿಗೂ ಒಂದೇ ಬಗೆಯದನ್ನು ಕೊಟ್ಟ ಗುಂಪಿಗೂ ಗಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿದಾಗ ಹಿತವೆನಿಸುವುದನ್ನು ಆರಿಸುವುದೇ ಮೇಲು ಎನ್ನುವ ಬಯೋಮೆಕ್ಯಾನಿಕ್ಸ್ ತಜ್ಞ ಬೆನ್ನೋ ನಿಗ್ ಅವರ ವಾದ ನನಗೆ ಒಪ್ಪಿಗೆ.

ಇನ್ನು ಬಾಯಿಬಿಟ್ಟ ಅಟ್ಟೆಯ ವಿಷಯ. ಜುಲೈ ಎರಡನೆಯ ವಾರ ಮಾಸ್ತರರು ನೆನೆದ ಶೂ ಸಮೇತ ಊರಿಗೆ ಹೋಗಿದ್ದರು. ಜತೆಗಿದ್ದದ್ದು ಒಂದೇ ಜೋಡಿ, ಬೆಳಿಗ್ಗೆ ಮತ್ತೆ ಓಡಬೇಕು. ರಾತ್ರಿ ಅವರ ಆಯಿ ಅದನ್ನು ಬಚ್ಚಲ ಒಲೆಯ ಬಾಯಿಗೆ ಒಂದು ಮೊಳ ದೂರದಲ್ಲಿ ಒರಗಿಸಿಟ್ಟರು. “ಅಡಿಕೆಯೇ ಒಣಗುತ್ತದೆ ತಮಾ, ನಿನ್ನ ಬೂಟು ಒಣಗದೇ ಇರುತ್ತದೆಯೇ?” ಒಣಗಿತು. ಜತೆಗೆ ಅಂಟು ಬಿಟ್ಟುಕೊಂಡಿತು, ಅಟ್ಟೆಯ ಮೇಲಿನ ಫೋಮ್ ಒಲೆಯ ಕಡೆ ಮುರುಟಿ ಬೂದಿ ಬಣ್ಣಕ್ಕೆ ತಿರುಗಿತು. ಓಟದ ಶೂವಿನ ಫೋಮ್ ಸಾಮಾನ್ಯವಾಗಿ ಇವಿಎ ಎನ್ನುವ ಪ್ಲಾಸ್ಟಿಕ್ಕು. ತುಂಬ ಸಣ್ಣ ಗುಳ್ಳೆಗಳು ತುಂಬಿರುವುದರಿಂದಲೇ ಅದಕ್ಕೆ ಪುಟಿತ. ಬಿಸಿ ತಾಗಿದರೆ ಅದು ಕುಗ್ಗುತ್ತದೆ, ಅಂಟು ಮೆತ್ತಗಾಗುತ್ತದೆ. ಆಯಿಯನ್ನು ದೂರುವಂತಿಲ್ಲ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಬಚ್ಚಲ ಒಲೆಯನ್ನು ಬಿಟ್ಟರೆ ಬೇರೆ ಸೂರ್ಯನಿಲ್ಲ.

ಒಂದೇ ಜೋಡಿ ಶೂವಿನಲ್ಲಿ ವಾರಕ್ಕೆ ಐದು ದಿನ ಓಡುವುದು ಬಯಲುಸೀಮೆಯಲ್ಲಿ ನಡೆದೀತು. ಇಲ್ಲಿ ನಡೆಯದು. ಶೂಗಳನ್ನು ಸರದಿಯಲ್ಲಿ ಬಳಸಿರಿ ಎಂದು ಹೇಳುವವರು, ಫೋಮ್‌ಗೆ ಒಂದು ದಿನ ವಿಶ್ರಾಂತಿ ಬೇಕು ಎಂಬ ಕಾರಣ ಕೊಡುತ್ತಾರೆ. ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಕಾರವಾರದಲ್ಲಿ ಒಂದು ದಿನ ಬೇಕಾಗಿರುವುದು ಒಣಗಲಿಕ್ಕೆ, ಮಳೆಗಾಲದಲ್ಲಿ ಎರಡು ದಿನ. ಹಸಿ ಶೂವಿನಲ್ಲಿ ಚರ್ಮ ಮೆತ್ತಗಾಗಿ ಗುಳ್ಳೆ ಏಳುತ್ತದೆ, ಬೆರಳ ಸಂದಿಯಲ್ಲಿ ತುರಿಕೆ ಹತ್ತುತ್ತದೆ, ಭಾರವೂ ಹೆಚ್ಚುತ್ತದೆ. ಪ್ರತಿ ಶೂವಿಗೆ ನೂರು ಗ್ರಾಂ ಭಾರ ಸೇರಿದರೆ ಓಡಲು ಬೇಕಾಗುವ ಶಕ್ತಿ ಸುಮಾರು ಶೇ 1ರಷ್ಟು ಹೆಚ್ಚುತ್ತದೆ ಎನ್ನುವುದು ಅಳೆದು ನೋಡಿದ ಮಾತು.

ಸರದಿಯ ಪರವಾಗಿ ಇನ್ನೊಂದು ಬಲವಾದ ಸಾಕ್ಷಿ ಲಕ್ಸೆಂಬರ್ಗಿನಿಂದ ಬಂದಿದೆ. ಅಲ್ಲಿಯ ಸಂಶೋಧಕರು 264 ಹವ್ಯಾಸಿ ಓಟಗಾರರನ್ನು 22 ವಾರ ಹಿಂಬಾಲಿಸಿದರು. ಒಂದಕ್ಕಿಂತ ಹೆಚ್ಚು ಜೋಡಿಯನ್ನು ಬದಲಿಸುತ್ತ ಓಡಿದವರಲ್ಲಿ ಗಾಯದ ಅಪಾಯ ಶೇ 39ರಷ್ಟು ಕಡಿಮೆ ಇತ್ತು. ಶೂ ಬದಲಾದಂತೆ ಕಾಲಿನ ಮೇಲೆ ಬೀಳುವ ಹೊರೆಯೂ ತುಸು ಜಾಗ ಬದಲಿಸುತ್ತದೆ, ಒಂದೇ ಜಾಗ ದಿನವೂ ಪೆಟ್ಟು ತಿನ್ನುವುದಿಲ್ಲ ಎಂಬುದು ಅವರ ವಿವರಣೆ. ಈ ಅಂಕಿಯನ್ನು ಮಾಸ್ತರರ ಮುಂದಿಟ್ಟಾಗ ಅವರು ಒಡನೆ ಕೇಳಿದ್ದು: “ಹೆಚ್ಚು ಜೋಡಿ ಇರುವವರು ಬೇರೆ ವಿಷಯದಲ್ಲೂ ಜಾಗರೂಕರಿರಬಹುದಲ್ಲ?” ಇರಬಹುದು. ಅದು ಗಮನಿಸಿ ಬರೆದ ಅಧ್ಯಯನ, ಶೂ ಹಂಚಿ ಮಾಡಿದ ಪ್ರಯೋಗವಲ್ಲ. ಆದರೂ ಇವರ ಪ್ರಕರಣಕ್ಕೆ ಆ ವಿವರಣೆ ಸರಿಯಾಗಿ ಕೂಡುತ್ತಿತ್ತು: ಒಂದೇ ಶೂ, ಒಂದೇ ದಾರಿ, ಒಂದೇ ಇಳಿಜಾರು.

ಹಣದ ಮಾತು ಬಂತು. ಮಾಸ್ತರರ ಹೆಂಡತಿ ಮೂರು ಜೋಡಿ ಎಂದು ಕೇಳಿದೊಡನೆ “ಕಾಲು ಎರಡೇ ಅಲ್ಲವೇ?” ಎಂದರಂತೆ. ನನ್ನ ಉತ್ತರ ಅಂಗಡಿಯವನ ಉತ್ತರದಂತೆ ಕೇಳಿಸಿದರೂ ಲೆಕ್ಕ ಸುಳ್ಳಲ್ಲ. ಒಂದು ಸಾಧಾರಣ ತರಬೇತಿ ಶೂ 500ರಿಂದ 800 ಕಿ.ಮೀ. ಬಾಳುತ್ತದೆ. ಎರಡು ಜೋಡಿ ಕೊಂಡು ಸರದಿಯಲ್ಲಿ ಓಡಿದರೆ ಎರಡೂ ಸೇರಿ ಅದರ ಎರಡರಷ್ಟು ಬಾಳುತ್ತವೆ. ಒಮ್ಮೆಲೇ ಕೈಬಿಡುವ ಹಣ ಹೆಚ್ಚು, ಕಿಲೋಮೀಟರಿಗೆ ಬೀಳುವ ಹಣ ಅಷ್ಟೇ. ಹಾಗೆಂದು ರಿಯಾಯಿತಿ ಮಾರಾಟದಲ್ಲಿ ಐದು ಜೋಡಿ ಕೊಂಡು ಕಪಾಟಿನಲ್ಲಿಡುವುದು ಕರಾವಳಿಯಲ್ಲಿ ಮೂರ್ಖತನ. ಎರಡು ವರ್ಷ ಇಟ್ಟ ಸ್ಯಾಂಡಲ್ಲಿನ ಅಟ್ಟೆ ಮದುವೆ ಮನೆಯಲ್ಲಿ ಪುಡಿಪುಡಿಯಾಗಿ ಉದುರಿದ ಅನುಭವ ಇಲ್ಲಿ ಯಾರಿಗಿಲ್ಲ? ಅದು ಪಾಲಿಯುರೆಥೇನ್ ಗಾಳಿಯ ತೇವ ಹೀರಿ ಒಡೆಯುವ ಪರಿ. ಇವಿಎ ಹಾಗೆ ಒಡೆಯದಿದ್ದರೂ ಅಂಟು ಸೋಲುತ್ತದೆ.

ಆಗಸ್ಟ್ ಮೊದಲ ಮೂರು ವಾರ ಓಟ ಅರ್ಧಕ್ಕಿಳಿಯಿತು. ಹೆದ್ದಾರಿಯ ಅಂಚು ಪೂರ್ತಿ ಬಂದ್. ಎಡ ಅಂಚಿಗೆ ಬದಲಿಸಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ, ಬೆನ್ನ ಹಿಂದಿನಿಂದ ಲಾರಿ ಬರುವ ರಸ್ತೆಯಲ್ಲಿ ಕಣಕಾಲ ನೋವಿಗಿಂತ ದೊಡ್ಡ ಕಷ್ಟಗಳಿವೆ. ಬದಲಿಗೆ ಮಾಲಾದೇವಿ ಮೈದಾನದ ಸುತ್ತು, ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ. ಬೇಸರದ ಓಟ ಎಂದು ಅವರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ.

ಶೂ ಕೊಳ್ಳಲು ಈ ಸಲ ನಾನೇ ಜತೆಗೆ ಹೋದೆ, ಸಂಜೆ ಹೊತ್ತಿಗೆ. ದಿನವೆಲ್ಲ ನಿಂತು ಪಾಠ ಮಾಡಿದ ಪಾದ ಬೆಳಗಿನದಕ್ಕಿಂತ ಊದಿರುತ್ತದೆ, ಓಟದಲ್ಲೂ ಊದುತ್ತದೆ. ಮಾಸ್ತರರು ಜೀವಮಾನವಿಡೀ ಎಂಟನೆಯ ಅಳತೆ ಹಾಕಿದವರು. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಬೇಕು ಎಂದು ಒತ್ತಿ ನೋಡಿದರೆ ಒಂಬತ್ತಕ್ಕೆ ಹೋಗಬೇಕಾಯಿತು. ಬರಿಗಾಲಲ್ಲೂ ಹವಾಯಿ ಚಪ್ಪಲಿಯಲ್ಲೂ ಬೆಳೆದ ಅವರ ಪಾದ ಬೆರಳುಗಳ ಕಡೆ ಬೀಸಣಿಗೆಯಂತೆ ಅಗಲ. ಹಾಗಾಗಿ ಬಣ್ಣ ನೋಡದೆ ಮುಂಭಾಗ ಅಗಲವಿರುವುದನ್ನೇ ಹುಡುಕಿದೆವು. ಸಿಕ್ಕಿದ್ದು ಕಿತ್ತಳೆ ಬಣ್ಣದ್ದು. ಹಿಮ್ಮಡಿಗೂ ಮುಂಪಾದಕ್ಕೂ ಇರುವ ಎತ್ತರದ ಅಂತರ ಹಳೆಯದರಲ್ಲಿ 10 ಮಿಲಿಮೀಟರ್ ಇತ್ತು, ಇದರಲ್ಲಿ 8. ಇದನ್ನು ಒಮ್ಮೆಗೇ ಸೊನ್ನೆಗೆ ಇಳಿಸಿದವರ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜು ಮೊದಲ ವಾರದಲ್ಲೇ ದೂರು ಕೊಡುತ್ತವೆ. ಅಂತರ ಕಡಿಮೆಯಾದಷ್ಟು ಹೊರೆ ಅತ್ತ ಸರಿಯುತ್ತದೆ, ಹೆಚ್ಚಾದಷ್ಟು ಮೊಣಕಾಲಿಗೆ.

ಈ ಕಿತ್ತಳೆ ಜೋಡಿ ದಿನನಿತ್ಯಕ್ಕೆ. ತಿಂಗಳ ನಂತರ ಇದಕ್ಕಿಂತ ಐವತ್ತು ಗ್ರಾಂ ಹಗುರದ, ತೆಳ್ಳಗಿನ ಇನ್ನೊಂದು ಜೋಡಿ ಬಂತು, ವಾರಕ್ಕೊಮ್ಮೆಯ ವೇಗದ ಓಟಕ್ಕೆ ಮತ್ತು ಸ್ಪರ್ಧೆಗೆ. ಮೂರನೆಯದು ಹೊಸದಲ್ಲ: ಮನೆಯ ಅಟ್ಟದಲ್ಲಿ ಬಿದ್ದಿದ್ದ, ಇನ್ನೂ ಇನ್ನೂರು ಮುನ್ನೂರು ಕಿಲೋಮೀಟರ್ ಆಯುಷ್ಯವಿರುವ ಹಳೆಯದು. ಇದು ಮಳೆಗೆ, ಕೆಸರಿಗೆ, ಮರಳಿಗೆ. ಉಪ್ಪು ಮರಳು ಒಳಗಿನ ಬಟ್ಟೆಯನ್ನು ಉಜ್ಜುಕಾಗದದಂತೆ ತಿನ್ನುತ್ತದೆ, ಉಪ್ಪು ಉಳಿದರೆ ತೇವವೂ ಉಳಿಯುತ್ತದೆ. ಮರಳಿನಿಂದ ಬಂದ ದಿನ ಸಿಹಿನೀರಲ್ಲಿ ಜಾಲಿಸಿ, ಒಳಹಾಸು ಮತ್ತು ಲೇಸ್ ತೆಗೆದು, ಪತ್ರಿಕೆಯ ಉಂಡೆ ತುರುಕಿ, ಎರಡು ಗಂಟೆಗೊಮ್ಮೆ ಉಂಡೆ ಬದಲಿಸಿ ಫ್ಯಾನಿನ ಕೆಳಗಿಡುವುದು. ಬಚ್ಚಲ ಒಲೆಗೆ ಪ್ರವೇಶವಿಲ್ಲ. ಪ್ರತಿ ಶೂವಿನ ನಾಲಿಗೆಯ ಒಳಗಡೆ ಓಡಿದ ಕಿಲೋಮೀಟರನ್ನು ಪೆನ್ನಿನಲ್ಲಿ ಬರೆಯುವುದು ಮಾಸ್ತರರದ್ದೇ ಉಪಾಯ, ಹಾಜರಿ ಪುಸ್ತಕ ಇಟ್ಟ ಕೈ.

ಯಾವ ದಿನ ಯಾವುದು ಎನ್ನುವುದನ್ನು ನಾವು ವಾರದ ಪಟ್ಟಿಯಲ್ಲಿ ಕಟ್ಟಿಹಾಕಲಿಲ್ಲ, ಆಗುವುದೂ ಇಲ್ಲ. ಅಕ್ಟೋಬರಿನಿಂದ ಮರಳು ಮತ್ತೆ ಸಿಕ್ಕಿತು, ಆದರೆ ಗಟ್ಟಿ ಮರಳು ಸಿಗುವುದು ಇಳಿತದ ಹೊತ್ತಿಗೆ, ಅದು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಇಳಿತ ಕೂಡಿಬಂದ ದಿನ ಹಳೆಯ ಜೋಡಿ, ಹೋಗುವುದೂ ಬರುವುದೂ ಮರಳಲ್ಲೇ. ಭರತದ ದಿನ ಮೈದಾನ ಅಥವಾ ಒಳರಸ್ತೆ, ಕಿತ್ತಳೆ ಜೋಡಿ. ಊರಿಗೆ ಹೋದ ಭಾನುವಾರ ಉದ್ದದ ಓಟ, ಶಿರಸಿಯ ಹಳ್ಳಿ ರಸ್ತೆಗಳ ಏರಿಳಿತದಲ್ಲಿ. ಅಲ್ಲಿಯೂ ಒಮ್ಮೆ ಹಾವಸೆ ಕಟ್ಟಿದ ಚಿರೇಕಲ್ಲಿನ ಮೇಲೆ ತೆಳ್ಳಗಿನ ಶೂ ಹಾಕಿಕೊಂಡು ಕಾಲಿಟ್ಟು ಅಂಗಳದಲ್ಲೇ ಕುಳಿತರು. ಅದಕ್ಕೆ ಯಾವ ಕಂಪನಿಯ ರಬ್ಬರೂ ಮದ್ದಲ್ಲ.

ನವೆಂಬರಿನಲ್ಲಿ ಬೆಂಗಳೂರಿನಿಂದ ಅವರ ಅಣ್ಣನ ಮಗ ಒಂದು ಡಬ್ಬಿ ಕಳಿಸಿದ. ಒಳಗೆ ಕಾರ್ಬನ್ ಪಟ್ಟಿಯ ಸ್ಪರ್ಧಾ ಶೂ, ಅಂದರೆ ಅಡಿಯ ದಪ್ಪ ಫೋಮ್ ನಡುವೆ ಗಟ್ಟಿ ಕಾರ್ಬನ್ ಪಟ್ಟಿ ಕೂರಿಸಿದ್ದು. ಇಂಥವುಗಳ ಕತೆ ಲೋಕಕ್ಕೆ ಗೊತ್ತು: 2017ರಲ್ಲಿ ನೈಕಿಯ ವೇಪರ್‌ಫ್ಲೈ ಮಾರುಕಟ್ಟೆಗೆ ಬಂತು, ಅದು ಓಟದ ಶಕ್ತಿವ್ಯಯವನ್ನು ಸರಾಸರಿ ಶೇ 4ರಷ್ಟು ಇಳಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿತು, 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಶೂವಿನ ಅಡಿ 40 ಮಿಲಿಮೀಟರಿಗಿಂತ ದಪ್ಪ ಇರಬಾರದು, ಒಂದಕ್ಕಿಂತ ಹೆಚ್ಚು ಗಟ್ಟಿ ಪಟ್ಟಿ ಇರಬಾರದು ಎಂದು ಗೆರೆ ಎಳೆಯಿತು. ಆದರೆ ಆ ಶೇ 4 ಅಳೆದದ್ದು ಬಹಳ ವೇಗದ ಓಟಗಾರರಲ್ಲಿ. ವೇಗ ತಗ್ಗಿದಂತೆ ಲಾಭ ಕುಗ್ಗುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಏರುಪೇರಾಗುತ್ತದೆ. ಇಂಥ ಶೂ ಬಳಸಿದವರಲ್ಲಿ ಪಾದದ ನಡುವಿನ ದೋಣಿ ಮೂಳೆಗೆ ಪೆಟ್ಟಾದ ಐದು ಪ್ರಕರಣಗಳನ್ನು 2023ರಲ್ಲಿ ವೈದ್ಯರು ವರದಿ ಮಾಡಿ ಎಚ್ಚರಿಸಿದ್ದಾರೆ. ಐದು ಪ್ರಕರಣ ಪುರಾವೆಯಲ್ಲ. ಆದರೆ ಮೂರು ತಿಂಗಳ ಹಿಂದಷ್ಟೇ ಮೂಳೆಯ ಅಂಚು ನೋಯುತ್ತಿದ್ದವರಿಗೆ ಅದು ಸಾಕಾಗುವಷ್ಟು ಸುದ್ದಿ.

ನಾನು ಬೇಡ ಎಂದೆ. ಮಾಸ್ತರರು ಎರಡು ಸಲ ಹಾಕಿ ಓಡಿದರು, ಪ್ರಯೋಗ ಮಾಡದೆ ಒಪ್ಪುವ ಜಾತಿಯಲ್ಲ. ನೇರ ರಸ್ತೆಯಲ್ಲಿ ಯಾರೋ ಹಿಂದಿನಿಂದ ತಳ್ಳಿದಂತಾಯಿತಂತೆ. ತಿರುವಿನಲ್ಲಿ ದಪ್ಪ ಮೆತ್ತೆಯ ಮೇಲೆ ಪಾದ ಓಲಾಡಿತು. ಮರುದಿನ ಮೀನಖಂಡ ಕಲ್ಲು. ಡಬ್ಬಿ ಮುಚ್ಚಿದರು.

ಮುಂಬಯಿಯಲ್ಲಿ ತೆಳ್ಳಗಿನ ಜೋಡಿಯನ್ನೇ ಹಾಕಿದರು. ಅಷ್ಟರಲ್ಲಿ ಅದರ ನಾಲಿಗೆಯ ಮೇಲೆ 140 ಎಂದು ಬರೆದಿತ್ತು, ಎಂದರೆ ಪಾದಕ್ಕೆ ಹೊಂದಿಕೊಂಡಿತ್ತು, ಸವೆದಿರಲಿಲ್ಲ. ಸಮಯ 2 ಗಂಟೆ 11 ನಿಮಿಷ 40 ಸೆಕೆಂಡು. ಅಂದುಕೊಂಡದ್ದಕ್ಕಿಂತ ನೂರು ಸೆಕೆಂಡು ತಡ. ಕಾರ್ಬನ್ ಪಟ್ಟಿ ಆ ನೂರು ಸೆಕೆಂಡನ್ನು ಕೊಡುತ್ತಿತ್ತೇ ಎಂದು ಅವರು ನನ್ನನ್ನು ಕೇಳಿದರು. ಕೊಡುತ್ತಿತ್ತೇನೋ ಎಂದೆ. ಅವರಿಗೆ ನನ್ನ ಮೇಲೆ ಸ್ವಲ್ಪ ಮುನಿಸು ಉಳಿದಿದೆ, ಅದು ನ್ಯಾಯವೇ.

ಫೆಬ್ರವರಿಯಲ್ಲಿ ಕಿತ್ತಳೆ ಜೋಡಿ 520 ಕಿ.ಮೀ. ದಾಟಿದಾಗ ಮತ್ತೆ ಜಗಲಿಯ ಮೇಜಿನ ಮೇಲಿಟ್ಟು, ಲೋಟದ ನೀರಿನ ಮಟ್ಟ ನೋಡಿ, ಹಿಂದಿನಿಂದ ಕಣ್ಣಿಟ್ಟೆವು. ಹಿಮ್ಮಡಿಯ ಹೊರ ಅಂಚು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಸಮ ಸವೆದಿತ್ತು. ಬಲಗಾಲಿನದು ಕೂದಲೆಳೆಯಷ್ಟು ಹೆಚ್ಚು. ಮಾಸ್ತರರು ಅಡಿಕೋಲು ತೆಗೆದರು. ಸುಟ್ಟ ಜೋಡಿಯನ್ನು ಊರಿನಲ್ಲಿ ಚಮ್ಮಾರರಿಂದ ಹೊಲಿಸಿ ಅವರ ಅಪ್ಪಯ್ಯ ತೋಟಕ್ಕೆ ಹಾಕಿಕೊಂಡು ಹೋಗುತ್ತಾರಂತೆ, ಉಂಬಳ ಹತ್ತುವುದು ಕಡಿಮೆಯಾಗಿದೆಯಂತೆ.